ಆಪರೇಷನ್‌ಗೆ ಮುನ್ನ ನರ್ಸ್ ಕೇಳುವ ಪ್ರಶ್ನೆಗಳು: ಯಾವುದನ್ನೂ ಮುಚ್ಚಿಡಬೇಡಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮವರಲ್ಲಿ ಹಲವರು ಆಪರೇಷನ್‌ಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅಡ್ಮಿಟ್ ಆದ ಮೇಲೆ ನರ್ಸ್ ಫಾರ್ಮ್ ಹಿಡಿದು ಬಂದು ಪ್ರಶ್ನೆ ಶುರು ಮಾಡುತ್ತಾರೆ. "ಡಾಕ್ಟರ್ ಎಲ್ಲ ಕೇಳಿ ಆಗಿದೆಯಲ್ಲ, ಇವರಿಗೆಂತ ಮತ್ತೆ?" ಎಂದು ಕೆಲವರಿಗೆ ಕಿರಿಕಿರಿ. ಆದರೆ ಥಿಯೇಟರ್ ಒಳಗೆ ರೋಗಿಯ ಸುರಕ್ಷೆ ನಿಂತಿರುವುದು ಈ ಉತ್ತರಗಳ ಮೇಲೆಯೇ.

ಖಾಲಿ ಹೊಟ್ಟೆ: ಅರಿವಳಿಕೆ ಕೊಟ್ಟಾಗ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಮಾಂಸ, ಕರಿದ ತಿಂಡಿ ತಿಂದು 8 ಗಂಟೆ, ಲಘು ಆಹಾರ ಅಥವಾ ಹಾಲು ಸೇವಿಸಿ 6 ಗಂಟೆ, ಬರೀ ನೀರು ಕುಡಿದು 2 ಗಂಟೆ ಕಳೆದಿರಬೇಕು. ಮಗುವಿಗೆ ಎದೆಹಾಲಾದರೆ 4 ಗಂಟೆ. ಆಸ್ಪತ್ರೆಯವರು ಹೇಳಿದ ಸಮಯವೇ ಅಂತಿಮ. ಬೆಳಿಗ್ಗೆ ಅರ್ಧ ಗ್ಲಾಸ್ ಚಾ ಕುಡಿದಿದ್ದರೂ ಹೇಳಿಬಿಡಿ. ಹೆಚ್ಚೆಂದರೆ ಆಪರೇಷನ್ ಮುಂದೆ ಹೋದೀತು.

ಮದ್ದು: ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಿಂದ ರಕ್ತಸ್ರಾವ ಹೆಚ್ಚಬಹುದು. ಹಾಗೆಂದು ನೀವಾಗಿಯೇ ನಿಲ್ಲಿಸಬಾರದು. ಶುಗರ್, ಬಿಪಿ ಮಾತ್ರೆ, ಇನ್ಸುಲಿನ್, ನಾಟಿ ಮದ್ದು ಎಲ್ಲವನ್ನೂ ತಿಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ ತನ್ನಿ. ಯಾವ ಮದ್ದು ಅಲರ್ಜಿ, ಹಿಂದೆ ಅರಿವಳಿಕೆಯಿಂದ ತೊಂದರೆ ಆಗಿತ್ತಾ, ಬೀಡಿ ಸಿಗರೇಟು ಇದೆಯಾ, ಹೆಂಗಸರಾದರೆ ಗರ್ಭಿಣಿಯಾ, ಇದನ್ನೂ ಮರೆಮಾಚಬೇಡಿ. ಮನೆಯವರ ಎದುರು ಹೇಳಲು ಸಂಕೋಚವಾದರೆ ನರ್ಸ್ ಹತ್ತಿರ ಒಬ್ಬರೇ ಮಾತಾಡಬಹುದು.

ಮೈಯ ತಯಾರಿ: ನರ್ಸ್ ಬಿಪಿ, ನಾಡಿ, ಜ್ವರ, ಆಮ್ಲಜನಕ, ತೂಕ ನೋಡಿ ಬರೆದಿಡುತ್ತಾರೆ. ಆಪರೇಷನ್ ಆದ ಮೇಲೆ ಏರುಪೇರಾದರೆ ಹೋಲಿಸಲು ಇದು ಬೇಕು. ಕಟ್ಟಿದ ಹಲ್ಲು, ಆಭರಣ, ಕಾಂಟ್ಯಾಕ್ಟ್ ಲೆನ್ಸ್ ತೆಗೆಯಬೇಕು. ನೇಲ್ ಪಾಲಿಶ್, ಕಪ್ಪು ಮೆಹಂದಿ ಇದ್ದರೆ ಬೆರಳಿಗೆ ಹಾಕುವ ಆಮ್ಲಜನಕದ ಯಂತ್ರ ತಪ್ಪು ತೋರಿಸಬಹುದು. ಮನೆಯಲ್ಲೇ ಬ್ಲೇಡ್‌ನಿಂದ ಕೂದಲು ಬೋಳಿಸಬೇಡಿ, ಸಣ್ಣ ಗೀರಿನಿಂದಲೂ ಸೋಂಕು ಬರಬಹುದು.

ಒಪ್ಪಿಗೆ ಪತ್ರ: ಓದಲು ಬಾರದ ಭಾಷೆಯಲ್ಲಿದ್ದರೆ ಸಹಿ ಹಾಕುವ ಮೊದಲು ಬ್ಯಾರಿ, ಮಲಯಾಳಂ, ಕನ್ನಡ, ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಲು ಕೇಳಿ. ಯಾವ ಆಪರೇಷನ್, ಅಪಾಯ ಏನು ಎಂದು ಡಾಕ್ಟರ್ ಹೇಳಬೇಕು. ಅದು ನಿಮ್ಮ ಹಕ್ಕು.

ಹೆಸರು, ಯಾವ ಕಾಲು, ಯಾವ ಕಣ್ಣು ಎಂದು ಥಿಯೇಟರ್ ಬಾಗಿಲಲ್ಲೂ ಮತ್ತೆ ಕೇಳಿದರೆ ಸಿಟ್ಟಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲೂ ಈ ಪ್ರಶ್ನೆ ಇದೆ. ಎಡದ ಬದಲು ಬಲ ಆಗದಂತೆ ತಡೆಯುವುದು ಇದೇ.