ಧಾರವಾಡದ ಬಾಲೂ ಮತ್ತು ಮಣ್ಣಿನ ಲೋಟ

ಮೊನ್ನೆ ಬ್ಯಾಂಕಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂತಾಗ ಮಾತು ಎಂದಿನಂತೆ ಕ್ರಿಕೆಟ್ಟಿಗೆ ಹೊರಳಿತು. ಚೆನ್ನೈನಲ್ಲಿ ಮೊಸರನ್ನಕ್ಕೆ ಉಪ್ಪಿನಕಾಯಿ ತಪ್ಪಿದರೂ ಕ್ರಿಕೆಟ್ ತಪ್ಪುವುದಿಲ್ಲ ಬಿಡಿ. ಯಾರೋ ಅಭಿನವ್ ಮುಕುಂದ್ ಹೆಸರೆತ್ತಿದರು. ಈ ಊರಿನ ಆ ಹುಡುಗ 2017ರ ಆಗಸ್ಟಿನಲ್ಲಿ ತನ್ನ ಮೈಬಣ್ಣವನ್ನು ಜನ ಆಡಿಕೊಳ್ಳುವ ಬಗ್ಗೆ ಬಹಿರಂಗವಾಗಿ ಬರೆದಿದ್ದ. 2021ರಲ್ಲಿ ಎಲ್. ಶಿವರಾಮಕೃಷ್ಣನ್ ಕೂಡ ತನ್ನ ಇಂಥದೇ ಅನುಭವ ಹೇಳಿಕೊಂಡರು.

"ಆಟಗಾರರಿಗೆ ಇದೆಲ್ಲ ಯಾಕೆ ಸಾರ್? ಆಡಬೇಕು, ದುಡ್ಡು ತಗೊಂಡು ಹೋಗಬೇಕು" ಅಂದರು ಒಬ್ಬರು. "ಮುಹಮ್ಮದ್ ಅಲಿ ತರಹ ಎದೆ ಕೊಟ್ಟು ಮಾತಾಡೋನು ನಮ್ಮಲ್ಲಿ ಒಬ್ಬನೂ ಇಲ್ಲ" ಅಂದರು ಇನ್ನೊಬ್ಬರು.

ಎರಡೂ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನೆನಪಾದದ್ದು ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ. ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನನಗೂ ರಾಮಚಂದ್ರ ಗುಹಾ ಅವರ ಪುಸ್ತಕ ಓದುವ ತನಕ ಗೊತ್ತಿರಲಿಲ್ಲ.

ಬಾಲೂ ಚಮಾರ ಸಮುದಾಯದವರು, ಅಂದರೆ ಆಗಿನ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆ ಸೈನ್ಯದ ಕೆಲಸದಲ್ಲಿದ್ದುದರಿಂದ ಮನೆ ಪುಣೆಗೆ ಬಂತು. ಅಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸುವ ಕೆಲಸ. ನಂತರ ಬಿಳಿಯರ ಪೂನಾ ಕ್ಲಬ್ಬಿನಲ್ಲಿ ಒಂದು ರೂಪಾಯಿ ಬಡ್ತಿ! ನೆಟ್ ಕಟ್ಟುವುದು, ಗೆರೆ ಎಳೆಯುವುದು, ಜೊತೆಗೆ ದೊರೆಗಳ ಅಭ್ಯಾಸಕ್ಕೆ ಬೌಲಿಂಗ್ ಮಾಡುವುದು. ಆ ಎಡಗೈ ಸ್ಪಿನ್ ಪಳಗಿದ್ದು ಹಾಗೆ. ಬ್ಯಾಟನ್ನು ಮಾತ್ರ ಅವರ ಕೈಗೆ ಯಾರೂ ಕೊಡುತ್ತಿರಲಿಲ್ಲವಂತೆ.

ಬಿಳಿಯರನ್ನು ಸೋಲಿಸಬೇಕಾದರೆ ಈ ಹುಡುಗ ಬೇಕೇ ಬೇಕು ಅಂತ ಪುಣೆಯ ಹಿಂದೂ ತಂಡಕ್ಕೆ ಗೊತ್ತಾಯಿತು. ಹಾಗಾಗಿ ತಂಡಕ್ಕೆ ಸೇರಿಸಿಕೊಂಡರು. ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆದರೆ ಚಹಾದ ಹೊತ್ತಿಗೆ ಮಿಕ್ಕವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್, ಬಾಲೂಗೆ ಹೊರಗೆ ಮಣ್ಣಿನ ಲೋಟ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. "ಲಗಾನ್" ಚಿತ್ರದ ಕಚ್ರಾನನ್ನು ನೋಡಿದ ಎಷ್ಟೋ ಜನಕ್ಕೆ ಬಾಲೂ ನೆನಪಾಗಿದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಬಗ್ಗೆ ಮೊದಲು ಬಾಯಿಬಿಟ್ಟವರು ಬಾಲೂ ಅಲ್ಲ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಸಭೆಯೊಂದರಲ್ಲಿ ಆಟಗಾರರನ್ನೇ ತರಾಟೆಗೆ ತೆಗೆದುಕೊಂಡರಂತೆ. ಜೊತೆಗೆ ಆಡಲು ಆಗುತ್ತದೆ, ಜೊತೆಗೆ ಕೂತು ತಿನ್ನಲು ಯಾಕೆ ಆಗುವುದಿಲ್ಲ ಅಂತ. ಒಳಗೆ ಕಪ್ ಹಿಡಿದು ಕೂತವರ ಪೈಕಿಯೇ ಒಬ್ಬರು ಕೇಳಿದ ಪ್ರಶ್ನೆ ಅದು.

1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ 23 ಪಂದ್ಯಗಳಲ್ಲಿ ಗೆದ್ದದ್ದು ಆರೇ. ಬಾಲೂ ಮಾತ್ರ 114 ವಿಕೆಟ್ ಕಿತ್ತರು. ವಾಪಸು ಬಂದಾಗ ಮುಂಬಯಿಯಲ್ಲಿ ದಲಿತರೆಲ್ಲ ಸೇರಿ ಸನ್ಮಾನ ಮಾಡಿದರು. ಆ ಮಾನಪತ್ರದ ಹಿಂದಿದ್ದವರು ಇಪ್ಪತ್ತರ ಹರೆಯದ ಭೀಮರಾವ್ ಅಂಬೇಡ್ಕರ್ ಎಂದು ಗುಹಾ ಬರೆಯುತ್ತಾರೆ. ಅಂಬೇಡ್ಕರರಿಗೆ ಬಾಲೂ ಹೀರೋ!

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲೂಗೆ ಸಿಗಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಇದನ್ನು ಪ್ರತಿಭಟಿಸಿ, ಹೇಳಿಕೆ ಕೊಟ್ಟು ತಂಡದಿಂದ ಹೊರಗುಳಿದರು. ಕೊನೆಗೆ ಬಾಲೂರನ್ನು ಉಪನಾಯಕನನ್ನಾಗಿ ಮಾಡಿದ ಮೇಲೆ ವಾಪಸು ಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು, ತಂಡ ಗೆದ್ದಿತು. ಅಂದರೆ ಮಾತಾಡಿದ್ದರಿಂದ ಫಲ ಸಿಕ್ಕಿತು. ಅಣ್ಣನಿಗಲ್ಲ, ತಮ್ಮನಿಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಶಾಲೆಯ ಪಾಠವಾಗುತ್ತಿತ್ತು. ಮುಂದೆ ಬಾಲೂ ರಾಜಕೀಯಕ್ಕೂ ಬಂದರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಅವರ ಸಹಿ ಇದೆ. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅವರು ಗಾಂಧೀಜಿಯ ಕಡೆ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಅಂಬೇಡ್ಕರರ ಎದುರಿಗೇ ಕಾಂಗ್ರೆಸ್ಸಿನಿಂದ ನಿಂತರು. ಅಂಬೇಡ್ಕರರಿಗೆ 13,245 ಮತ, ಬಾಲೂಗೆ 11,225. ಎರಡು ಸಾವಿರ ಚಿಲ್ಲರೆ ಮತದಲ್ಲಿ ಸೋಲು.

ಇದನ್ನು ಮೊದಲು ಓದಿದಾಗ ನನಗೆ ಒಂಥರಾ ಕಸಿವಿಸಿ. ಮಣ್ಣಿನ ಲೋಟದಲ್ಲಿ ಚಹಾ ಕುಡಿದವರು ಅಂಬೇಡ್ಕರರ ವಿರುದ್ಧ ನಿಂತರೇ? ಆದರೆ ಅದೇ ಒಪ್ಪಂದಕ್ಕೆ ನಮ್ಮ ಮದ್ರಾಸಿನ ಎಂ.ಸಿ. ರಾಜಾ ಕೂಡ ಸಹಿ ಹಾಕಿದ್ದರು. ಸೈದಾಪೇಟೆಯಲ್ಲಿ ಅವರ ಹೆಸರಿನ ವಿದ್ಯಾರ್ಥಿನಿಲಯವಿದೆ. 1938ರಲ್ಲಿ ಅವರು ತಂದ ದೇವಾಲಯ ಪ್ರವೇಶದ ಮಸೂದೆಯನ್ನು ಇಲ್ಲಿನ ಕಾಂಗ್ರೆಸ್ ಸರ್ಕಾರವೇ ವಿರೋಧಿಸಿದಾಗ ರಾಜಾ ಅವರ ನಂಬಿಕೆ ಮುರಿದುಬಿತ್ತು. ಇವರು ಯಾರೂ ಕೊಂಡುಕೊಂಡ ಜನರಲ್ಲ. ಒಂದೇ ನೋವಿಗೆ ಬೇರೆ ಬೇರೆ ದಾರಿ ಹುಡುಕಿದವರು.

ಅಮೆರಿಕದಲ್ಲೂ ಇಂಥದೇ ನಡೆದಿದೆ. 1947ರಲ್ಲಿ ಬಿಳಿಯರ ಬೇಸ್‌ಬಾಲ್ ಲೀಗಿನ ಬಾಗಿಲು ತೆರೆಸಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್. 1949ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಅವರನ್ನು ಕರೆಸಿತು, ಕಪ್ಪು ಜನರ ಪರ ದನಿಯೆತ್ತಿದ್ದ ಗಾಯಕ ಪಾಲ್ ರೋಬ್ಸನ್ ವಿರುದ್ಧ ಮಾತಾಡಿಸಲು. ರಾಬಿನ್ಸನ್ ಮಾತಾಡಿದರು. ವರ್ಣಭೇದವನ್ನೂ ಅಲ್ಲೇ ಖಂಡಿಸಿದರು, ಆದರೆ ದೊಡ್ಡ ಸುದ್ದಿಯಾದದ್ದು ರೋಬ್ಸನ್ ಬಗ್ಗೆ ಹೇಳಿದ್ದು ಮಾತ್ರ. 1972ರ ಆತ್ಮಕಥೆಯಲ್ಲಿ ರೋಬ್ಸನ್ ಬಗ್ಗೆ ತಮಗೆ ಗೌರವ ಹೆಚ್ಚಿದೆಯೆಂದು ಬರೆದುಕೊಂಡರು.

ಆಟಗಾರ ಮಾತಾಡಬೇಕು ಅಂತ ನಾವು ಹೇಳುವಾಗ, ನಮ್ಮ ಮಾತನ್ನೇ ಆಡಬೇಕು ಅಂತ ಒಳಗೊಳಗೇ ಬಯಸಿರುತ್ತೇವೆ. ಅವನು ಬೇರೆ ಮಾತಾಡಿದರೆ ಮುಖ ತಿರುಗಿಸುತ್ತೇವೆ. ಮಾತಾಡುವ ಹಕ್ಕು ಕೊಟ್ಟ ಮೇಲೆ ತಪ್ಪು ಮಾಡುವ ಹಕ್ಕೂ ಕೊಡಬೇಕಲ್ಲ? ಸುಮ್ಮನಿರುವ ಹಕ್ಕೂ ಸಹ.

ಈಗ ನನ್ನದೊಂದು ಲೆಕ್ಕ ಒಪ್ಪಿಸಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ಶಾಖೆಗಳ ನಡುವೆ ನಡೆದ ಒಂದು ಪಂದ್ಯದಲ್ಲಿ ನಮ್ಮ ತಂಡದ ಹೊಸ ಹುಡುಗ ಐದು ವಿಕೆಟ್ ತೆಗೆದ. ಟೀ ಕುಡಿಯುವಾಗ ಹಿರಿಯರೊಬ್ಬರು "ನೀನು ಸ್ಪೋರ್ಟ್ಸ್ ಕೋಟಾನಾ, ಇಲ್ಲಾ ಇನ್ನೊಂದು ಕೋಟಾನಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಲೋಟ ಕೆಳಗಿಟ್ಟು ಎದ್ದುಹೋದ. ಮುಂದಿನ ಪಂದ್ಯಕ್ಕೆ ಬರಲಿಲ್ಲ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ಗೆಲ್ಲಿಸಿದ ಮೇಲೂ ಆ ಮಾತಿಗೆ ಉತ್ತರ ಅವನೇ ಕೊಡಬೇಕಿತ್ತೇ? ನಾನು ಕೊಡಬಹುದಿತ್ತಲ್ಲ, ನನಗೇನು ಖರ್ಚಿತ್ತು?

ಮೊನ್ನೆ ಊಟದ ಹೊತ್ತಿನಲ್ಲಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ "ಆ ಹುಡುಗ ಈಗ ಎಲ್ಲಿದಾನೆ ಸಾರ್?" ಅಂತ ಒಬ್ಬರು ಕೇಳಿದರು.

ನನಗೆ ಗೊತ್ತಿರಲಿಲ್ಲ.