ಹಲಗಲಿಯ ಲಾವಣಿ ಮತ್ತು ಸಾಮಾಜಿಕ ಸ್ಮೃತಿ

1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿದ ಮುಧೋಳ ಸೀಮೆಯ ಹಲಗಲಿ ಬೇಡರ ದಂಗೆಯನ್ನು ಸೇನಾಬಲದಿಂದ ಅಡಗಿಸಲಾಯಿತು. ಊರಿಗೆ ಬೆಂಕಿ ಬಿದ್ದಿತು. ಈ ಕುರಿತ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಬ್ರಿಟಿಷ್ ಆಡಳಿತದ ಅಧಿಕಾರಿಯೇ ಆಗಿದ್ದರೆಂಬುದು ಗಮನಾರ್ಹ.

ಸ್ನಾತಕೋತ್ತರ ಜಾನಪದ ಅಧ್ಯಯನದಲ್ಲಿ ಇಂತಹ ಪಠ್ಯವನ್ನು ಸರಕಾರಿ ದಾಖಲೆಗಳೊಡನೆ ತಾಳೆ ನೋಡುವುದಷ್ಟೇ ಸಾಲದು. ಲಾವಣಿಕಾರನು ಹನುಮ, ಬಾಲ, ಜಡಗ, ರಾಮರ ಶೌರ್ಯದ ಜೊತೆಗೆ ಲೂಟಿಯಾದ ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೀಸುಕಲ್ಲುಗಳನ್ನೂ ಒಂದೊಂದಾಗಿ ಎಣಿಸುತ್ತಾನೆ. ಆಡಳಿತಕ್ಕೆ ಅದು ಆಯುಧದ ಪ್ರಶ್ನೆ. ಲಾವಣಿಗೆ ಅಡುಗೆಮನೆ ಬರಿದಾದ ಸಂಗತಿ. ಸಾಮಾಜಿಕ ಸ್ಮೃತಿಯ ಆಯ್ಕೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮುದ್ರಿತ ಪಾಠದಲ್ಲಿ ಹಾಡುಗಾರನ ದನಿಯಾಗಲಿ ಕೇಳುಗರ ಪ್ರತಿಕ್ರಿಯೆಯಾಗಲಿ ಉಳಿದಿಲ್ಲ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ದೊರೆಯುವ ಮೌಖಿಕ ರೂಪಗಳನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.