ಮದರಾಸಿನ ಕಿರಮಂಜಿ ತೋಟವೂ ಲಾಲ್‌ಬಾಗೂ: ಡಾಕ್ಟರ್ ಜೇಮ್ಸ್ ಆಂಡರ್ಸನ್ನನ ಪತ್ರವ್ಯವಹಾರ

ಕೋಡಂಬಾಕ್ಕಂ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಚಲನಚಿತ್ರದ ಸ್ಟುಡಿಯೋಗಳು. ಕನ್ನಡದ ಅನೇಕ ಚಿತ್ರಗಳು ಬಹುಕಾಲ ಇಲ್ಲಿಯೇ ಸಿದ್ಧವಾದುದರಿಂದ ಇದು ಸಹಜವೇ. ಆದರೆ ಈ ಹೆಸರಿಗೆ ಇನ್ನೂ ಹಳೆಯ ಪ್ರತೀತಿಯೊಂದುಂಟು. ಆರ್ಕಾಟಿನ ನವಾಬರ ‘ಘೋಡಾ ಬಾಗ್’, ಅಂದರೆ ಕುದುರೆಗಳ ತೋಟ, ಜನರ ಬಾಯಲ್ಲಿ ಕೋಡಂಬಾಕ್ಕಂ ಆಯಿತೆನ್ನುತ್ತಾರೆ. ಪ್ರತೀತಿಯ ಸತ್ಯಾಸತ್ಯವೇನೇ ಇರಲಿ, ಹದಿನೆಂಟನೆಯ ಶತಮಾನದಲ್ಲಿ ಮದರಾಸಿನ ಈ ಪಶ್ಚಿಮ ಪಾರ್ಶ್ವ ತೋಟಗಳ ಸೀಮೆಯಾಗಿತ್ತೆಂಬುದು ನಿಸ್ಸಂದೇಹ. ಅವುಗಳಲ್ಲಿ ಎರಡು ಕನ್ನಡ ನಾಡಿನ ಚರಿತ್ರೆಗೂ ಸಂಬಂಧಿಸಿವೆ. ಒಂದು ಕೋಡಂಬಾಕ್ಕಂಗೆ ನೆರೆಯಾದ ನುಂಗಂಬಾಕ್ಕಂನಲ್ಲಿತ್ತು, ಇನ್ನೊಂದು ದಕ್ಷಿಣಕ್ಕಿರುವ ಸೈದಾಪೇಟೆಯಲ್ಲಿ. ಎರಡನ್ನೂ ನಡೆಸಿದಾತ ಡಾಕ್ಟರ್ ಜೇಮ್ಸ್ ಆಂಡರ್ಸನ್.

೧೭೩೮ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈತ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿ ಮದರಾಸಿಗೆ ಬಂದು, ಕ್ರಮೇಣ ಪ್ರಾಂತದ ವೈದ್ಯಾಧಿಕಾರಿಗಳಲ್ಲಿ ಅಗ್ರಸ್ಥಾನಕ್ಕೇರಿದನು. ವೈದ್ಯವೃತ್ತಿ ಜೀವನೋಪಾಯವಾಗಿದ್ದರೆ ತೋಟಗಾರಿಕೆ ಆತನ ಜೀವದ ಹಂಬಲವಾಗಿತ್ತು. ಆ ತೋಟಗಳು ಇಂದಿಲ್ಲ. ನುಂಗಂಬಾಕ್ಕಂನ ಆಂಡರ್ಸನ್ ರಸ್ತೆ ಆ ಹೆಸರನ್ನು ಉಳಿಸಿಕೊಂಡಿದೆ. ತೋಟಗಳ ವೃತ್ತಾಂತ ತಿಳಿಯುವುದು ಮುಖ್ಯವಾಗಿ ಆತನ ಪತ್ರಗಳಿಂದ.

ಈ ಪತ್ರವ್ಯವಹಾರ ಆರಂಭವಾದುದು ೧೭೮೬ರ ಡಿಸೆಂಬರಿನಲ್ಲಿ. ಮದರಾಸಿನ ಸುತ್ತಲಿನ ಹುಲ್ಲಿನ ಮೇಲೆ ಕಿರಮಂಜಿ ಬಣ್ಣದ ಹುಳುವನ್ನು ಹೋಲುವ ಕೀಟವೊಂದನ್ನು ಕಂಡ ಆಂಡರ್ಸನ್, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಆ ಸುದ್ದಿಯನ್ನು ಬರೆದನು. ಇದರ ಹಿಂದೆ ದೊಡ್ಡ ವ್ಯಾಪಾರದ ಲೆಕ್ಕಾಚಾರವಿತ್ತು. ಕಳ್ಳಿಯ ಮೇಲೆ ಬೆಳೆಯುವ ಈ ಹುಳುವನ್ನು ಒಣಗಿಸಿ ತೆಗೆಯುವ ಕೆಂಪು ಬಣ್ಣಕ್ಕೆ ಯೂರೋಪಿನಲ್ಲಿ ಅಪಾರ ಬೆಲೆ. ಅದನ್ನು ಉತ್ಪಾದಿಸುತ್ತಿದ್ದ ಮೆಕ್ಸಿಕೋ ಸ್ಪೇನಿನ ಅಧೀನದಲ್ಲಿತ್ತು. ಆ ಏಕಸ್ವಾಮ್ಯವನ್ನು ಮುರಿಯಬಲ್ಲವರಿಗೆ ಲಾಭವೂ ಕೀರ್ತಿಯೂ ನಿಶ್ಚಿತವಾಗಿದ್ದವು.

ಆಂಡರ್ಸನ್ ಪತ್ರಗಳನ್ನು ಬರೆದು ಸುಮ್ಮನಾಗಲಿಲ್ಲ. ೧೭೮೮ರಲ್ಲಿ ಅವುಗಳನ್ನು ಮದರಾಸಿನಲ್ಲಿಯೇ ಅಚ್ಚು ಹಾಕಿಸಿದನು. ೧೭೯೧ರಲ್ಲಿ ಅರಗು ಮೊದಲಾದ ವಿಷಯಗಳನ್ನೂ ಒಳಗೊಂಡ ಮತ್ತೊಂದು ಸಂಗ್ರಹ ಹೊರಬಂತು. ಹಡಗಿನ ಅಂಚೆಗೆ ತಿಂಗಳುಗಳೇ ಹಿಡಿಯುತ್ತಿದ್ದ ಆ ಕಾಲದಲ್ಲಿ ತಾರೀಖು ಸಹಿತ ಅಚ್ಚಾದ ಪತ್ರವೆಂದರೆ ಹಕ್ಕಿನ ದಾಖಲೆಯೂ ಹೌದು, ಮಂಜೂರಾತಿಯ ಅರ್ಜಿಯೂ ಹೌದು. ಇದನ್ನು ಮೊದಲು ಕಂಡವರು ಯಾರು, ಎಂದು ಎಂಬ ಪ್ರಶ್ನೆಗೆ ಅದೇ ಉತ್ತರ. ಮದರಾಸಿನ ಕೀಟ ನಿಜವಾದ ಕಿರಮಂಜಿ ಹುಳುವಲ್ಲವೆಂದು ಗೊತ್ತಾದ ಮೇಲೂ ಪ್ರಯತ್ನ ನಿಲ್ಲಲಿಲ್ಲ. ನಿಜವಾದ ಹುಳು ಕೈಸೇರುವ ಭರವಸೆಯಿಂದ ಬ್ಯಾಂಕ್ಸನು ಕ್ಯೂ ಉದ್ಯಾನದ ಕಳ್ಳಿಗಿಡಗಳನ್ನು ಕಳುಹಿಸುವ ಏರ್ಪಾಡು ಮಾಡಿದನು. ಸೈದಾಪೇಟೆಯಲ್ಲಿ ಕಂಪನಿಯ ಕಳ್ಳಿತೋಟ ಎದ್ದಿತು. ಆಂಡರ್ಸನ್ನನ ಸೋದರಳಿಯ ಆಂಡ್ರೂ ಬೆರಿ ಅದರ ಮೇಲ್ವಿಚಾರಕನಾದನು. ಇದರೊಡನೆ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳುವನ್ನು ಕರಾವಳಿಯ ಊರೂರಿಗೆ ಹಬ್ಬಿಸುವ ಉದ್ಯಮವೂ ನಡೆಯಿತು. ಇದಾವುದೂ ಕೈಗೂಡದಿದ್ದರೂ ಆತನ ಬಿಳಿಯ ಅರಗಿನ ಪರೀಕ್ಷೆಯ ವರದಿ ೧೭೯೪ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಂಡರ್ಸನ್ನನ ಮೊದಲ ಪತ್ರಕ್ಕೆ ಕೆಲವೇ ವಾರಗಳ ಮುನ್ನ, ಅದೇ ೧೭೮೬ರ ಸೆಪ್ಟೆಂಬರಿನಲ್ಲಿ, ಕನ್ನಡ ನಾಡಿನಲ್ಲಿ ಇನ್ನೊಂದು ಪತ್ರ ಹುಟ್ಟಿತ್ತು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಈ ಆಜ್ಞೆ, ೧೮೧೧ರಲ್ಲಿ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ದೊರೆಯುತ್ತದೆ. ರೇಷ್ಮೆ ಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ. ಅವರು ಬಂದೊಡನೆ ಹುಳುಗಳಿಗೆ ಯೋಗ್ಯ ಸ್ಥಳವನ್ನು ಗೊತ್ತುಮಾಡಬೇಕು. ಮೊದಲೇ ಹೇಳಿ ನೆಡಿಸಿದ್ದ ಮರಗಳ ಎಲೆಯನ್ನು ಒದಗಿಸಬೇಕು ಎಂಬುದು ಅದರ ಸಾರಾಂಶ. ಕಸ್ತೂರಿ ರಂಗನ ಹೆಸರನ್ನು ಇತಿಹಾಸಕ್ಕೆ ದಾಟಿಸಿದುದು ಈ ಕಛೇರಿಯ ಕಾಗದ.

ಎರಡು ಪತ್ರಗಳನ್ನು ಹೋಲಿಸಿದಾಗ ಎರಡು ಕಾರ್ಯಕ್ರಮಗಳು ಕಾಣುತ್ತವೆ. ಶ್ರೀರಂಗಪಟ್ಟಣದಲ್ಲಿ ಹುಳು ಬರುವ ಮೊದಲೇ ಅದರ ಆಹಾರ ನೆಲದಲ್ಲಿ ಬೇರೂರಿತ್ತು. ಮದರಾಸಿನಲ್ಲಿಯೂ ಗಿಡಗಳು ಮೊದಲೇ ಬಂದಿದ್ದವು. ಆದರೆ ಬರಬೇಕಾದ ಹುಳು ಬರಲೇ ಇಲ್ಲ. ೧೭೯೫ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲಿನ ರಿಯೋ ಡಿ ಜನೈರೊ ನಗರದಿಂದ ಕಲ್ಕತ್ತೆಗೆ ತಂದ ಹುಳುಗಳು ಅಲ್ಲಿ ಪರದೇಶದ ಗಿಡಗಳನ್ನು ಮೂಸದೆ, ಈ ದೇಶದಲ್ಲಿ ಅದಾಗಲೇ ಹಬ್ಬಿದ್ದ ಪಾಪಾಸುಕಳ್ಳಿಯ ಮೇಲೆ ಬೆಳೆದವು. ಅದೇ ಸಂತತಿ ಮದರಾಸಿಗೂ ಬಂತು. ಅದು ಕಾಡುಜಾತಿಯ ಹುಳು. ಅದರ ಬಣ್ಣ ಮೆಕ್ಸಿಕೋದ ಬಣ್ಣಕ್ಕೆ ಸಾಟಿಯಾಗಲಿಲ್ಲ. ೧೮೦೦ರಲ್ಲಿ ಕಂಪನಿ ಸೈದಾಪೇಟೆಯ ತೋಟವನ್ನು ಮುಚ್ಚಿತು.

ಆದರೆ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಹಿಂದಿನ ವರ್ಷವಷ್ಟೇ ಶ್ರೀರಂಗಪಟ್ಟಣ ಪತನವಾಗಿ, ೧೭೬೦ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗು ಕಂಪನಿಯ ಕೈಸೇರಿತ್ತು. ಸೈದಾಪೇಟೆಯ ಗಿಡಗಳು ಅಲ್ಲಿಗೆ ಸಾಗಿದವು. ಹೀಗೆ ಸ್ಪೇನಿನ ಸಂಪತ್ತಿಗೆ ಪೈಪೋಟಿಯಾಗಿ ನೆಟ್ಟ ಗಿಡಗಳು, ಕಂಪನಿ ಸೋಲಿಸಿದ ಅರಸನ ತೋಟದಲ್ಲಿಯೇ ಆಶ್ರಯ ಪಡೆದವು. ಲಾಲ್‌ಬಾಗಿನ ಕೀರ್ತಿಯನ್ನು ಕೆಲವರು ಸುಲ್ತಾನರಿಗೆ, ಕೆಲವರು ಕಂಪನಿಗೆ ಸಲ್ಲಿಸುವುದುಂಟು. ಪತ್ರಗಳ ಸಾಕ್ಷ್ಯವನ್ನು ನೋಡಿದರೆ ಅದು ಇಬ್ಬರ ಜಮೆಯೂ ಸೇರಿದ ಖಾತೆ.

ತಿರಸ್ಕೃತವಾದ ಹುಳುವಿನ ಗತಿಯೂ ಸ್ವಾರಸ್ಯಕರ. ಬಣ್ಣಕ್ಕೆ ಬಾರದ ಆ ಹುಳುವನ್ನು ೧೮೩೬ರಿಂದ ೧೮೩೮ರ ಅವಧಿಯಲ್ಲಿ ದಕ್ಷಿಣ ಭಾರತಕ್ಕೆ ಮತ್ತೆ ತಂದು, ಹೊಲಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿಯ ಮೇಲೆ ಬಿಡಲಾಯಿತು. ಕೀಟದಿಂದ ಕಳೆಯನ್ನು ನಿಗ್ರಹಿಸಿದ ಅತಿ ಪ್ರಾಚೀನ ನಿದರ್ಶನಗಳಲ್ಲಿ ಇದೊಂದೆಂದು ವಿಜ್ಞಾನಿಗಳು ಗಣಿಸುತ್ತಾರೆ.

ಆಂಡರ್ಸನ್ ೧೮೦೯ರಲ್ಲಿ ಮದರಾಸಿನಲ್ಲಿಯೇ ತೀರಿಕೊಂಡನು. ಚಾಂಟ್ರಿ ಕೆತ್ತಿದ ಆತನ ಪ್ರತಿಮೆ ನಗರದ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿದೆ. ಕಸ್ತೂರಿ ರಂಗನಿಗೆ ಪ್ರತಿಮೆಯಿಲ್ಲ. ಆದರೆ ಆತ ಹುಳು ತಂದ ಸೀಮೆಯಲ್ಲಿ ರೇಷ್ಮೆ ಇಂದಿಗೂ ರೈತನ ಬೆಳೆಯಾಗಿದೆ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ತಮ್ಮ ನಾಡಿನ ಚರಿತ್ರೆಯನ್ನು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಅರಸುವಂತೆ, ತಾವು ನಿಂತ ನೆಲದ ಹಳೆಯ ವ್ಯವಹಾರದ ಕಾಗದಗಳಲ್ಲಿಯೂ ಅರಸುವುದು ಯುಕ್ತ.